ಕಾಡತೂಸಿನ ಕೀಲಿ

ಸಿದ್ರಾಮ ಟ್ರಂಕಿನೊಳಗಿನ ಅಂಗಿ, ಧೋತರ, ಹಳೆಯ ಪಹಣಿಗಳನ್ನೆಲ್ಲ ನೆಲಕ್ಕೆ ಸುರುವಿ, ಬರಿದಾದ ಟ್ರಂಕನ್ನು ತಲೆಕೆಳಗು ಮಾಡಿ ಬಡಿದ. ಬಂದೂಕಿಗೆ ತುಂಬುವ ಕಾಡತೂಸು ಒಂದೂ ಉದುರಲಿಲ್ಲ.

"ಬಂದೂಕ ಅದ, ಲೈಸನ್ಸ್ ಅದ, ಕಾಡತೂಸ ಎಲ್ಲಿ ಹೋದ್ವು ಯಕ್ಕಾ?"

ಕಲ್ಮಲದಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಯಶೋದಾಳಿಗೂ ಗೊತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ತೀರಿಕೊಂಡ ಅಪ್ಪ ಗದ್ದೆಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು; ಹಣೆ ತುಂಬ ಭಂಡಾರ, ಹೆಗಲ ಮೇಲೆ ಕಂಬಳಿ. ಚೀಕಲಪರ್ವಿಯಲ್ಲಿ ಬೆಳೆ ಕಾಯಲೆಂದು ಬಂದೂಕಿನ ಲೈಸನ್ಸ್ ಪಡೆದವನು ಅವನೊಬ್ಬನೇ. ಆದರೆ ಹಂದಿ ಬಂದಾಗ ಬಡಿಯುತ್ತಿದ್ದದ್ದು ಖಾಲಿ ಡಬ್ಬ! ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಮಾನ್ವಿ ಠಾಣೆಗೆ ಒಪ್ಪಿಸುತ್ತಿದ್ದ. ಮುಗಿದ ಮೇಲೆ ಮಗಳನ್ನು ತವರಿಗೆ ಕರೆತರುವಷ್ಟು ಜೋಪಾನವಾಗಿ ತರುತ್ತಿದ್ದ. ಅದು ಢಮ್ ಎಂದದ್ದನ್ನು ಯಶೋದಾ ಒಮ್ಮೆಯೂ ಕೇಳಿರಲಿಲ್ಲ. ಹಾಗಾದರೆ ಈ ಉಸಾಬರಿಯೆಲ್ಲ ಯಾತಕ್ಕಿತ್ತು?

"ಮಣ್ಣು ಕೊಡೋ ಹೊತ್ತಿಗೆ ಒಂದು ಗುಂಡು ಹಾರಿಸಬೇಕು. ಊರಿಗೆಲ್ಲ ಕೇಳಬೇಕು," ಎಂದ ಸಿದ್ರಾಮ ಜೇಬಿನಿಂದ ಕಾಗದ ತೆಗೆದ. "ಇದಕ್ಕ ನೀ ಸಹಿ ಹಾಕು. ನಿನ್ನ ತಕರಾರಿಲ್ಲ ಅಂದ್ರ ಲೈಸನ್ಸ್ ನನ್ನ ಹೆಸರಿಗೆ ಕೇಳಬಹುದು."

"ಹಂದಿ ಹೊಡ್ಯಾಕೇನು?"

"ಹಂದಿಗೂ ಆತು, ಬಗಲ ಹೊಲದ ಮಲ್ಲಯ್ಯನ ಮಗಗೂ ಆತು. ಕಾಲುವಿ ತೂಬು ಮುಚ್ಚಾಕತ್ತಾನ. ಹೊಡಿಯೂದಿಲ್ಲ ಬಿಡು, ತೋರಿಸಿದ್ರ ಸಾಕು."

ತೋರಿಸಿದರೆ ಸಾಕು ಎನ್ನುವವನ ಕಿವಿಗಳು ಕೆಂಪಾಗಿದ್ದವು. ತಮ್ಮನ ಸಿಟ್ಟು ಯಶೋದಾಳಿಗೆ ಹೊಸದಲ್ಲ, ಅದು ಅಪ್ಪನದೇ. ಸಹಿ ಹಾಕಲು ಅವಳಿಗೆ ಹೆದರಿಕೆಯಾಯಿತು. ಕಾಗದ ಹಿಡಿದು ಹೊರಗೆ ಬಂದಳು.

*

ಆಗ ಅವಳಿಗೆ ಎಂಟು ವರ್ಷ. ಮಟಮಟ ಮಧ್ಯಾಹ್ನ ಅಪ್ಪ ಹೊಲದಿಂದ ಹಲ್ಲು ಕಡಿಯುತ್ತ ಬಂದು, ಬಂದೂಕು ಎತ್ತಿಕೊಂಡು ಹೊರಟಿದ್ದ. ಅವಳು ಹಿಂದೆಯೇ ಓಡಿದಳು. ಅವನು ಹೊಲದ ಕಡೆ ಹೋಗದೆ, ಊರಿನ ಆಚೆ ತುದಿಯ ದರ್ಜಿ ಅಲ್ಲಾಬಕ್ಷನ ಮನೆ ಹೊಕ್ಕ. ಎಷ್ಟೋ ಹೊತ್ತಿನ ಮೇಲೆ ಮೀಸೆ ಒರೆಸಿಕೊಳ್ಳುತ್ತ ಹೊರಬಂದು, "ನಡಿಯವ್ವ, ಬಿಸಲ ಭಾಳ ಅದ," ಎಂದು ಅವಳ ಕೈ ಹಿಡಿದ. ಒಳಗೆ ಏನಾಯಿತೆಂದು ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ.

*

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಅಲ್ಲಾಬಕ್ಷನ ಹೆಂಡತಿ ಜಾಹೆದಾ ತನ್ನ ಮನೆಯಿಂದ ಕೆಟಲ್ ತುಂಬ ಚಹಾ ತಂದು ಎಲ್ಲರಿಗೂ ಬಗ್ಗಿಸಿ ಕೊಡುತ್ತಿದ್ದಳು. ಯಶೋದಾ ಅಲ್ಲಾಬಕ್ಷನ ಹತ್ತಿರ ಕೂತು, ಮೂವತ್ತು ವರ್ಷ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಕಾಡತೂಸ ಮದಲಿಂದನೂ ನಮ್ಮ ಮನ್ಯಾಗ ಅದಾವ," ಎಂದ ಮುದುಕ. "ಲೈಸನ್ಸ್ ಬಂದ ದಿನಾನೇ ನಿಮ್ಮಪ್ಪ ತಂದು ಕೊಟ್ಟ. ನನ್ನ ಸಿಟ್ಟು ನಿನಗ ಗೊತ್ತದ, ಬಂದೂಕ, ಕಾಡತೂಸ ಎರಡೂ ಒಂದ ಮನ್ಯಾಗ ಬ್ಯಾಡ ಅಂದ. ಅವತ್ತು ಬಂದು, ಒಂದು ಕೊಡು, ಮಲ್ಲಯ್ಯನ್ನ ಮುಗಿಸಿ ಬರ್ತೀನಿ ಅಂದ. ಪೆಟ್ಟಿಗಿ ಕೀಲಿ ಜಾಹೆದಾ ಕಡಿ ಅದ, ಆಕಿ ಹೊಳಿಗೆ ಹೋಗ್ಯಾಳ, ಬರೂತನಕ ಚಾ ಕುಡಿ ಅಂದೆ. ಆಕಿ ಒಳಗ ಇದ್ಲು. ಚಾ ಮಾಡಿದಾಕಿ ಯಾರು ಅಂತ ಅವನೂ ಕೇಳಲಿಲ್ಲ."

ಎದುರಿಗೆ ಕೂತಿದ್ದ ಮಲ್ಲಯ್ಯ ಕಪ್ಪನ್ನು ಕೆಳಗಿಟ್ಟ. ಈ ಸಂಗತಿ ಅವನ ಕಿವಿಗೆ ಬಿದ್ದದ್ದೇ ಇಂದು. ಹೆಣದ ಮುಖವನ್ನೇ ದಿಟ್ಟಿಸುತ್ತ, "ಎಷ್ಟು ಕಪ್ ಕುಡಿದ್ನಪ?" ಎಂದ.

"ಎರಡು."

ಬಂದೂಕು ಹಿಡಿದು ಬಾಗಿಲಲ್ಲಿ ನಿಂತಿದ್ದ ಸಿದ್ರಾಮ ಎಲ್ಲವನ್ನೂ ಕೇಳಿದ್ದ. "ಲೈಸನ್ಸ್ ಒಬ್ಬರದು, ಕಾಡತೂಸ ಇನ್ನೊಬ್ಬರ ಮನ್ಯಾಗ! ಪೊಲೀಸರಿಗೆ ಗೊತ್ತಾಗಿದ್ರ ಇಬ್ಬರನ್ನೂ ಒಳಗ ಹಾಕ್ತಿದ್ರು."

"ಹಾಕ್ತಿದ್ರು," ಎಂದು ಅಲ್ಲಾಬಕ್ಷ್ ಒಪ್ಪಿಕೊಂಡ.

"ಕೀಲಿ ಕೊಡು ಕಾಕಾ. ಒಂದೇ ಒಂದು ಸಾಕು." ಸಿದ್ರಾಮ ಕೈ ಚಾಚಿದ. ಕಣ್ಣು ಮಲ್ಲಯ್ಯನ ಮೇಲಿತ್ತು.

"ಕೀಲಿ ಜಾಹೆದಾ ಕಡಿ ಅದ," ಎಂದ ಅಲ್ಲಾಬಕ್ಷ್. "ಹೊಳಿಗೆ ಹೋಗ್ಯಾಳ."

ಜಾಹೆದಾ ಎಲ್ಲರ ಕಣ್ಣೆದುರಿಗೇ ಕೆಟಲ್ ಹಿಡಿದು ನಿಂತಿದ್ದಳು. ಕಟ್ಟೆಯ ಬದಿಗೆ ಭಜನೆ ಹಾಡುತ್ತಿದ್ದವರು ಕೂಡ ತಾಳ ನಿಲ್ಲಿಸಿದರು. ಅವಳು ಒಂದು ಕಪ್ಪು ಬಗ್ಗಿಸಿ, ಸಿದ್ರಾಮನ ಚಾಚಿದ ಕೈಯಲ್ಲಿಟ್ಟಳು.

ಚಹಾ ಸುಡುತ್ತಿತ್ತು. ಸಿದ್ರಾಮ ಅಪ್ಪನ ಮುಖ ನೋಡಿದ. ಬಂದೂಕನ್ನು ಅಪ್ಪನ ಬಗಲಿಗೆ, ಗೋಡೆಗೆ ಆನಿಸಿಟ್ಟು, ಜಾಗವಿದ್ದಲ್ಲಿ ಕೂತು ಚಹಾ ಊದಿದ. ಜಾಗವಿದ್ದದ್ದು ಮಲ್ಲಯ್ಯನ ಪಕ್ಕದಲ್ಲಿ.

ಯಶೋದಾ ಸಹಿ ಹಾಕದ ಕಾಗದವನ್ನು ಮಡಚಿ ಅಪ್ಪನ ಕಂಬಳಿಯೊಳಗೆ ಇಟ್ಟಳು.

"ಜಾಹೆದವ್ವಾ," ಎಂದ ಮಲ್ಲಯ್ಯ, "ಸಿದ್ರಾಮಗ ಇನ್ನೊಂದು ಕಪ್ ಹಾಕು."