ದಂಡಿನಿಂದ ಬಂದ ಕರೆಂಟು ಒಲೆ

ಗೌರಿ ಹಬ್ಬದ ಬೆಳಿಗ್ಗೆ ಭಾಗ್ಯಮ್ಮನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಂದದ್ದೂ ಸುಮ್ಮನೆ ಅಲ್ಲ. ಗಂಡ ರಾಮಾಂಜಿನಪ್ಪ ಕಾಫಿ ಕುಡಿದು ಲೋಟ ಕೆಳಗಿಡುತ್ತ, ಹೊಲಕ್ಕೆ ಗೊಬ್ಬರ ಹೊಡೆಸುವ ಮಾತಿನಷ್ಟು ಸಲೀಸಾಗಿ ಹೇಳಿದ್ದ:

“ನಿಮ್ಮಣ್ಣ ಇವತ್ತು ಬಾಗಿನ ತಗೊಂಡು ಬರ್ತಾನಲ್ಲ, ಆ ಕರೆಂಟು ಒಲೇನ ಜಗಲಿ ಮೇಲೆ ಇಟ್ಟಿರ್ತೀನಿ. ಎತ್ಕೊಂಡು ಹಂಗೇ ವಾಪಸ್ ಹೋಗ್ಲಿ. ಒಳಗೆ ಬರೋದು ಬೇಡ.”

“ಹಬ್ಬದ ದಿನ ನಮ್ಮಣ್ಣನ್ನ ಬಾಗಿಲಲ್ಲಿ ನಿಲ್ಲಿಸ್ತೀರಾ?”

“ಅಮ್ಮನ ಮಾತು. ನಾನೇನು ಮಾಡ್ಲಿ?” ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಬಾಳೆ ಎಲೆ ತರಲು ತೋಟಕ್ಕೆ ಹೊರಟೇಬಿಟ್ಟ.

ಆ ಒಲೆ ತಂದುಕೊಡು ಎಂದು ದುಂಬಾಲು ಬಿದ್ದವನೇ ಇವನು. ಭಾಗ್ಯಮ್ಮನ ಅಣ್ಣ ಪಿಳ್ಳಣ್ಣ ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ವೈರ್‌ಮನ್. ಯುದ್ಧ ಮುಗಿದು ವರ್ಷವಾಗಿತ್ತು, ಬಿಳಿ ಸೋಲ್ಜರುಗಳ ಅಡುಗೆಮನೆಗಳನ್ನು ಮುಚ್ಚಿ ಸಾಮಾನು ಹರಾಜು ಹಾಕುತ್ತಿದ್ದರು. ಹೊಸಕೋಟೆಗೆ ಕರೆಂಟು ಬಂದಿದೆ, ಬಸ್‌ಸ್ಟ್ಯಾಂಡಿನ ಹೋಟೆಲುಗಳಿಗೆ ಬನ್ನು ಸುಟ್ಟು ಕೊಡುತ್ತೇನೆ ಎಂದು ರಾಮಾಂಜಿನಪ್ಪನಿಗೆ ಹುಚ್ಚು ಹಿಡಿದಿತ್ತು. ಬಾವನ ಮಾತು ತೆಗೆದುಹಾಕಲಾರದೆ ಪಿಳ್ಳಣ್ಣ ಬೀರುವಿನಷ್ಟು ಭಾರದ ಒಂದು ಒಲೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದ. ಹಿತ್ತಿಲ ಪಡಸಾಲೆಯಲ್ಲಿಟ್ಟು ತಂತಿ ಎಳೆದ. ಅದರ ಮೈಯಿಂದ ನೆಲಕ್ಕೂ ಒಂದು ತಂತಿ ಇಳಿಸಿದ. ಹಚ್ಚಿ ತೋರಿಸಲು ಹೊರಟಾಗ ಅತ್ತೆ ಮುತ್ಯಾಲಮ್ಮ ತಡೆದಳು. ದಂಡಿನ ಒಲೆ, ಅದರಲ್ಲಿ ಏನೇನು ಬೆಂದಿದೆಯೋ, ಶುದ್ಧ ಮಾಡದೆ ಹಚ್ಚಕೂಡದು ಎಂದಳು. ಪಿಳ್ಳಣ್ಣ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.

ಭಾಗ್ಯಮ್ಮ ಆಗ ಹೊರಗಾಗಿ, ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಕೂತಿದ್ದಳು. ನಾಲ್ಕನೆಯ ದಿನ ನೀರು ಹಾಕಿಕೊಂಡು ಒಳಗೆ ಬಂದಾಗ ಒಲೆ ಫಳಫಳ ಹೊಳೆಯುತ್ತಿತ್ತು. ಅವತ್ತೇ ರಾಮಾಂಜಿನಪ್ಪ ಸ್ವಿಚ್ಚು ಒತ್ತಿದ. ಟಪ್ ಅಂತ ಫ್ಯೂಸು ಹೋಯಿತು. ಹೊಸ ತಂತಿ ಕಟ್ಟಿದ, ಮತ್ತೆ ಟಪ್.

ಅಲ್ಲಿಂದ ಹನ್ನೆರಡು ದಿನ ಮುತ್ಯಾಲಮ್ಮನ ಬಾಯಿಗೆ ಬಿಡುವಿಲ್ಲ. ಗುಜರಿ ಮಾಲು ತಂದು ತಲೆಗೆ ಕಟ್ಟಿದ, ತಂಗಿಯ ಮನೆಗೇ ಟೋಪಿ ಹಾಕಿದ, ಇಂಥವನ ಕೈಯಿಂದ ಬಾಗಿನ ಬೇರೆ ಕೇಡು. ಊಟಕ್ಕೆ ಕೂತರೂ ಅದೇ, ನೀರಿಗೆ ಹೋದರೂ ಅದೇ. ರಾಮಾಂಜಿನಪ್ಪ ತಾನಾಗಿ ಏನೂ ಅನ್ನುತ್ತಿರಲಿಲ್ಲ, ಕೋಲೆ ಬಸವನ ಹಾಗೆ ತಲೆಯಾಡಿಸುತ್ತಿದ್ದ.

“ಒಳಗಿನ ಸುರುಳಿ ಸುಟ್ಟುಹೋಗಿದ್ರೆ ಒಲೆ ತಣ್ಣಗಿರ್ತಿತ್ತು. ಫ್ಯೂಸ್ ಯಾಕೆ ಹೋಗ್ತದೆ? ಬಿಚ್ಚಿ ನೋಡೋಣ,” ಎಂದು ಭಾಗ್ಯಮ್ಮ ದಿನಾ ಕೇಳಿದಳು. “ಹೆಂಗಸಿಗ್ಯಾಕೆ ಕರೆಂಟಿನ ಉಸಾಬರಿ,” ಎಂದು ಅವನು ದಿನಾ ಎದ್ದುಹೋದ. ಅವಳ ಅಪ್ಪನೂ ವೈರ್‌ಮನ್ನೇ. ಬೇರೆ ಹುಡುಗಿಯರು ರಂಗೋಲಿ ಕಲಿಯುವ ವಯಸ್ಸಿನಲ್ಲಿ ಅವಳು ಅಪ್ಪನಿಗೆ ತಂತಿ ಸುಲಿದು ಕೊಟ್ಟವಳು. ಅದು ಈ ಮನೆಯಲ್ಲಿ ಯಾರಿಗೆ ಬೇಕಾಗಿತ್ತು?

ಮಧ್ಯಾಹ್ನದ ಬಸ್ಸಿಗೆ ಅಣ್ಣ ಬರುತ್ತಾನೆ. ಬಂದು, ಮೊರದ ಬಾಗಿನ ಕೈಯಲ್ಲಿ ಹಿಡಿದು, ಊರಿನವರೆದುರು ಕಳ್ಳನ ಹಾಗೆ ಜಗಲಿಯಿಂದಲೇ ಹಿಂದಿರುಗಬೇಕು! ಭಾಗ್ಯಮ್ಮನ ಮೈ ಉರಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೇನ್ ಸ್ವಿಚ್ಚು ಆರಿಸಿ, ಪಡಸಾಲೆಯ ಬಲ್ಬನ್ನು ಹೋಲ್ಡರಿನ ಸಮೇತ ಇಳಿಸಿದಳು.

“ಹಬ್ಬದ ದಿನ ದೀಪ ಇಳಿಸ್ತೀಯೇನೇ, ಮೂದೇವಿ!” ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದ ಮುತ್ಯಾಲಮ್ಮ ಅಲ್ಲಿಂದಲೇ ಕೂಗಿದಳು.

“ಇಳಿಸ್ತೀನಿ. ಆಮೇಲೆ ಬೈಯಿರಿ, ಎಲ್ಲಾ ಸೇರಿಸಿ.”

ಒಲೆಗೆ ಬಂದ ತಂತಿಗಳನ್ನೆಲ್ಲ ಬಿಡಿಸಿದಳು. ಕರೆಂಟು ಬಲ್ಬಿನ ಮೂಲಕ ಹಾದು ಬರುವಂತೆ ಎರಡು ಉದ್ದ ತಂತಿ ಜೋಡಿಸಿದಳು. ಅವುಗಳ ತುದಿಗಳನ್ನು ಹೊರಗೆ ಬಂದಿದ್ದ ಸುರುಳಿಯ ಎರಡು ಕೊನೆಗೆ ಸಿಕ್ಕಿಸಿ, ಕೈ ದೂರ ತೆಗೆದು, ಮೇನು ಹಾಕಿದಳು. ಬಲ್ಬು ಹತ್ತಿತು. ಸುರುಳಿ ಎಲ್ಲೂ ಕಡಿದಿಲ್ಲ. ಗುಜರಿಯಂತೆ ಗುಜರಿ! ಮತ್ತೆ ಮೇನು ಆರಿಸಿ, ಒಂದು ತುದಿಯನ್ನು ಸುರುಳಿಯಲ್ಲೇ ಬಿಟ್ಟು ಇನ್ನೊಂದನ್ನು ಒಲೆಯ ಕಬ್ಬಿಣದ ಮೈಗೆ ಕಟ್ಟಿದಳು. ಈಗ ಬಲ್ಬು ಹತ್ತಬಾರದು. ಹಾಕಿದರೆ, ಧಗ್ಗೆಂದು ಹತ್ತಿತು. ಅಂದರೆ ಸುರುಳಿ ಎಲ್ಲೋ ಕಬ್ಬಿಣಕ್ಕೆ ತಗುಲಿದೆ. ಕರೆಂಟು ಮೈಯ ತಂತಿ ಹಿಡಿದು ನೇರ ನೆಲಕ್ಕೆ ಹರಿದು ಫ್ಯೂಸು ಹೋಗುತ್ತಿದೆ.

ಸುರುಳಿಯ ಮೇಲೊಂದು ಅಡ್ಡ ತಗಡು, ಅದಕ್ಕೆ ನಾಲ್ಕು ತಿರುಪು. ಕರೆಂಟು ಆರಿಸಿ ತಗಡು ಬಿಚ್ಚಿದಳು. ಮಣ್ಣಿನ ಬಿಲ್ಲೆಯ ತೋಡಿನಲ್ಲಿ ಮಲಗಿರಬೇಕಾದ ಸುರುಳಿ ಒಂದು ಕಡೆ ಜಗ್ಗಿ ಮೇಲೆದ್ದು, ಪಕ್ಕದ ಕಬ್ಬಿಣಕ್ಕೆ ಆನಿಕೊಂಡಿತ್ತು. ಅದರ ಸುತ್ತುಗಳ ನಡುವೆ ತೆಂಗಿನ ನಾರು, ಹುಣಸೆಹಣ್ಣಿನ ಚೂರು, ಬೂದಿ. ಗಂಜಲದ ವಾಸನೆ ಇನ್ನೂ ಹೋಗಿರಲಿಲ್ಲ.

“ಅತ್ತೆ, ಇಲ್ಲಿ ಬನ್ನಿ. ಇದನ್ನ ಉಜ್ಜಿದ್ರಾ?”

ಮುತ್ಯಾಲಮ್ಮ ಕೈಯಲ್ಲಿ ಹೂರಣ ಮೆತ್ತಿಕೊಂಡೇ ಬಂದಳು. “ಉಜ್ಜದೆ? ಏನೇನೋ ಬೇಯ್ಸಿದ ಒಲೆ, ಹಂಗೇ ಇಟ್ಕೋತಾರಾ? ಗಂಜಲ ಹಾಕಿ, ಹುಣಸೆಹಣ್ಣು ಬೂದಿ ಹಾಕಿ, ಹಿತ್ತಾಳೆ ಕೊಳಗ ಉಜ್ಜಿದಂಗೆ ಉಜ್ಜಿದೆ. ಈಗ್ಲೂ ಉಜ್ತೀನಿ.”

“ಈ ತಗಡು ಬಿಚ್ಚಿದ್ಯಾರು?”

“ನಾನೇನು ತಿರುಪುಳಿ ಹಿಡಿಯೋಳಾ? ನಿನ್ನ ಗಂಡನೇ ಬಿಚ್ಚಿಕೊಟ್ಟ. ‘ಈ ದಾರಾನೂ ಉಜ್ಜಬೋದೇನೋ’ ಅಂದೆ. ‘ಉಜ್ಜಮ್ಮ, ಕಬ್ಬಿಣ ತಾನೆ’ ಅಂದ.”

ಭಾಗ್ಯಮ್ಮನಿಗೆ ಈಗ ನೆನಪಾಯಿತು. “ತಗಡು ಬಿಚ್ಚಬೇಡಿ ಬಾವ, ಒಳಗಿನ ಸುರುಳಿಗೆ ಕೈ ಹಾಕಬೇಡಿ,” ಎಂದು ಅವತ್ತು ಅಣ್ಣ ಎರಡು ಸಲ ಹೇಳಿದ್ದು ಕೊಟ್ಟಿಗೆ ಕೋಣೆಯ ಕಿಟಕಿಯಲ್ಲಿ ಅವಳಿಗೇ ಕೇಳಿಸಿತ್ತು. ಅದನ್ನು ಅತ್ತೆಗೆ ಹೇಳಿದಳು. ಮುತ್ಯಾಲಮ್ಮ ಸೀದಾ ಒಳಗೆ ಹೋದಳು.

ಭಾಗ್ಯಮ್ಮ ನಾರು ಬಿಡಿಸಿ, ಸುರುಳಿಯನ್ನು ತೋಡಿನೊಳಕ್ಕೆ ಒತ್ತಿ ಕೂರಿಸಿ, ಮೈಗೆ ತಂತಿ ಕಟ್ಟಿ ಮತ್ತೆ ಪರೀಕ್ಷೆ ಮಾಡಿದಳು. ಬಲ್ಬು ಹತ್ತಲಿಲ್ಲ. ತಗಡು ಮುಚ್ಚಿ, ತಂತಿಗಳನ್ನು ಮೊದಲಿನಂತೆ ಜೋಡಿಸಿ ಸ್ವಿಚ್ಚು ಒತ್ತಿದಳು. ಫ್ಯೂಸು ಗಟ್ಟಿಯಾಗಿ ನಿಂತಿತು, ಒಲೆ ಬಿಸಿಯೇರಿತು.

ಅಷ್ಟರಲ್ಲಿ ಎಲೆಯ ಹೊರೆ ಹೊತ್ತು ರಾಮಾಂಜಿನಪ್ಪ ಬಂದ. ಒಲೆಯ ಕಾವು ಮುಖಕ್ಕೆ ತಾಗಿದ್ದೇ ಹಲ್ಲು ಕಿರಿದ.

“ಅರೆ, ಸರಿಹೋಯ್ತಲ್ಲೇ!”

“ಹಾಳು ಮಾಡಿದೋರು ಯಾರು ಅಂತಾನೂ ಗೊತ್ತಾಯ್ತು.”

ಅವನು ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದ. “ಸುಮ್ನಿರು. ಅಮ್ಮನ ಕೈ ತಪ್ಪು ಅಂತ ಗೊತ್ತಾದ್ರೆ ಅವರಿಗೆ ಅವಮಾನ. ಬರುವಾಗ್ಲೇ ಸ್ವಲ್ಪ ಕೆಟ್ಟಿತ್ತು, ರಿಪೇರಿ ಮಾಡಿಸಿದ್ವಿ ಅನ್ನೋಣ. ನಿಮ್ಮಣ್ಣ ಒಳ್ಳೆಯವನು, ಮನಸ್ಸಿಗೆ ಹಚ್ಕೊಳಲ್ಲ.”

“ಒಳ್ಳೆಯವನು ಅಂತ ಅವನ ತಲೆ ಮೇಲೆ ಕಲ್ಲು ಹೊರಿಸ್ತೀರಾ? ಅಮ್ಮನ ಕೈಯಂತೆ! ತಿರುಪುಳಿ ಯಾರ ಕೈಲಿತ್ತು? ಹನ್ನೆರಡು ದಿನ ನಮ್ಮಣ್ಣನ್ನ ಬೈಯೋದು ಕೇಳ್ಕೊಂಡು ಅನ್ನ ಹೆಂಗೆ ತಿಂದ್ರಿ ನೀವು?”

“ಮೆಲ್ಲಗೆ, ಮೆಲ್ಲಗೆ...”

ಮೆಲ್ಲಗೆ ಮಾಡಲು ಹೊತ್ತೇ ಇರಲಿಲ್ಲ. ಪಿಳ್ಳಣ್ಣ ಬಾಗಿನದ ಮೊರ ಹಿಡಿದು ಜಗಲಿ ಹತ್ತಿದ್ದ. “ಬನ್ನಿ ಬಾವ, ಬನ್ನಿ,” ಎಂದು ರಾಮಾಂಜಿನಪ್ಪ ಬೆಲ್ಲದಂಥ ಬಾಯಲ್ಲಿ ಓಡಿದ. ಅವನಿಗಿಂತ ಮೊದಲೇ ಮುತ್ಯಾಲಮ್ಮ ಹೊಸ್ತಿಲಿಗೆ ಅಡ್ಡ ನಿಂತಿದ್ದಳು.

“ನಿಲ್ಲಪ್ಪ ಪಿಳ್ಳಣ್ಣ. ಹನ್ನೆರಡು ದಿನದಿಂದ ಬೀದೀಲೆಲ್ಲಾ ನಿನ್ನ ಕಳ್ಳ ಅಂತ ಬೈದಿದೀನಿ. ನಾಲಿಗೆ ನಂದು, ಅದರ ಪಾಪಾನೂ ನಂದು. ಬೈಸಿದೋನು ಇಲ್ಲಿ ನಿಂತವ್ನೆ. ಲೋ, ಬೊಗಳೋ. ನಿನ್ನ ಬಾಯಿಂದ ಬರೋಗಂಟ ಇವತ್ತು ಯಾರೂ ಹೊಸ್ತಿಲು ದಾಟಂಗಿಲ್ಲ.”

ಎದುರು ಮನೆಯ ಮಾರಕ್ಕ ರಂಗೋಲಿ ಬಿಟ್ಟು ಎದ್ದು ನಿಂತಳು. ರಾಮಾಂಜಿನಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು.

“ತಗಡು ಬಿಚ್ಚಿದ್ದು ನಾನೇ ಬಾವ. ನೀವು ಬೇಡ ಅಂದಿದ್ರಿ. ಗೊತ್ತಿದ್ದೂ ಸುಮ್ನಿದ್ದೆ.”

ಪಿಳ್ಳಣ್ಣ ನಕ್ಕ. “ಅಷ್ಟೇ ತಾನೆ? ಬಿಡಿ ಬಾವ,” ಎಂದು ಒಳಗೆ ಬಂದು ಬಾಗಿನ ತಂಗಿಯ ಕೈಗಿಟ್ಟ. ಅವಳ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಎಲೆ ಹಾಕುವ ಹೊತ್ತಿಗೆ ರಾಮಾಂಜಿನಪ್ಪ ಅವಳ ಹಿಂದೆ ಬಂದು ನಿಂತ. “ಹೇಳಿದ್ನಲ್ಲ. ಈಗ ಸಮಾಧಾನ ಆಯ್ತಾ?”

“ನಾನು ಹನ್ನೆರಡು ದಿನ ಕೇಳಿದೆ, ನೀವು ಬಾಯಿ ಬಿಡ್ಲಿಲ್ಲ. ನಿಮ್ಮಮ್ಮ ಒಂದು ಸಲ ಗದರಿದ್ರು, ಬಿಟ್ರಿ. ಈ ಮನೇಲಿ ನನ್ನ ಮಾತಿನ ಬೆಲೆ ಎಷ್ಟು ಅಂತ ಇವತ್ತು ಗೊತ್ತಾಯ್ತು.”

ಅಣ್ಣನ ಎಲೆಗೆ ಎರಡೆರಡು ಒಬ್ಬಟ್ಟು ಹಾಕಿ ತುಪ್ಪ ಸುರಿದಳು. ಪಕ್ಕದ ಎಲೆಯ ಮುಂದೆ ನಿಲ್ಲದೆ ಒಳಗೆ ನಡೆದಳು. ರಾಮಾಂಜಿನಪ್ಪ ಬರಿ ಎಲೆ ನೋಡುತ್ತ ಕೂತ. ಕೊನೆಗೆ ಅವನಿಗೆ ಅವನ ಅಮ್ಮನೇ ಬಂದು ಬಡಿಸಬೇಕಾಯಿತು.