ಶಿವ ಹಿಡಿದ ಕೈ

ನೀಲಕಂಠಪ್ಪನಿಗಿಂತ ಮೊದಲೇ ಅವನ ಎಡಗೈಯ ಎರಡು ಬೆರಳು ನಿವೃತ್ತಿ ತೆಗೆದುಕೊಂಡಿದ್ದವು. ಮೊದಲು ಅಂಗೈಯಲ್ಲಿ ಹುಣಸೆಬೀಜದಷ್ಟು ಗಂಟು ಬಂತು. ಆಮೇಲೆ ಆ ಗಂಟಿನಿಂದ ಬೆರಳಿನ ತನಕ ಚರ್ಮದ ಕೆಳಗೆ ಯಾರೋ ಸುತಳಿ ಎಳೆದು ಬಿಗಿದ ಹಾಗಾಯಿತು. ಈಗ ಕಿರುಬೆರಳೂ ಉಂಗುರಬೆರಳೂ ಹೊಸ ಸೊಸೆಯರಂತೆ ತಲೆ ತಗ್ಗಿಸಿ ನಿಂತಿದ್ದವು. ಎಷ್ಟು ಎಳೆದರೂ ಮೇಲೆ ನೋಡುತ್ತಿರಲಿಲ್ಲ.

ಸುಮ್ಮನಿದ್ದರೆ ಕೈಯೂ ಸುಮ್ಮನಿರುತ್ತಿತ್ತು. ಗಂಟಿನ ಮೇಲೆ ಒತ್ತು ಬಿದ್ದರೆ ಮಾತ್ರ ನೋವು ಮೊಣಕೈವರೆಗೆ ಝಲ್ಲೆಂದು ಹರಿಯುತ್ತಿತ್ತು. ಮುಖ ತೊಳೆಯಲು ಹೋದರೆ ಕಿರುಬೆರಳು ಕಣ್ಣಿಗೆ ತಿವಿಯುತ್ತಿತ್ತು. ಪಾಸ್ ತೆಗೆಯಲು ಪ್ಯಾಂಟಿನ ಕಿಸೆಗೆ ಕೈ ಹಾಕಿದರೆ ಹೊರಗೇ ಬರುತ್ತಿರಲಿಲ್ಲ. ಮುಂಬೈಯ ಸಯನ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಒಮ್ಮೆ ಅವನು ತನ್ನ ಕಿಸೆಗೇ ಕತ್ತರಿ ಹಾಕಿ ಸಿಕ್ಕಿಬಿದ್ದ ಕಳ್ಳನಂತೆ ಐದು ನಿಮಿಷ ನಿಂತಿದ್ದ. ಮಸ್ಜಿದ್ ಬಂದರಿನ ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಬರುವಾಗ ಲೋಕಲ್ ರೈಲಿನ ಹಿಡಿಕೆಗೆ ಆ ಬೆರಳುಗಳು ಕೊಕ್ಕೆಯಂತೆ ಚೆಂದಾಗಿ ಕೂರುತ್ತಿದ್ದವು. ಬಿಡಿಸಿಕೊಳ್ಳುವುದರೊಳಗೆ ಇಳಿಯಬೇಕಾದ ಸಯನ್ ಹೋಗಿ ಕುರ್ಲಾ ಬರುತ್ತಿತ್ತು.

ಇದನ್ನೆಲ್ಲ ಅವನು ತಾನೇ ಹೇಳಿ ನಗಿಸುತ್ತಿದ್ದ. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವುದು ಅವನ ಹಳೆಯ ಉಪಾಯ. ಹೆಂಡತಿ ರಾಚವ್ವ ಮಾತ್ರ ನಗುತ್ತಿರಲಿಲ್ಲ.

"ಡಾಕ್ಟರಿಗೆ ತೋರಸ್ರೀ ಅಂದ್ರ ಜೋಕ್ ಹೊಡೀತೀರಿ. ಜೋಕಿನಿಂದ ಬೆರಳು ನೆಟ್ಟಗಾಗ್ತಾವೇನ್ರೀ?"

"ಸೂಜಿ ಅಂದ್ರ ಅಂಜಿಕಿ ಬರ್ತೈತಿ," ಎಂದು ಹೇಳುವುದಕ್ಕಿಂತ ಜೋಕೇ ಸುಲಭವಾಗಿತ್ತು.

ಕೊನೆಗೆ ಆ ಜೋಕೇ ಅವನ ಕುತ್ತಿಗೆಗೆ ಬಂತು. ಶ್ರಾವಣದ ಮೊದಲ ಸೋಮವಾರ ಬಿಲ್ಡಿಂಗಿನ ಹಾಲ್‌ನಲ್ಲಿ ವಿಜಯಪುರ, ಬೆಳಗಾವಿ ಕಡೆಯ ಮನೆಗಳವರೆಲ್ಲ ಸೇರಿ ಇಷ್ಟಲಿಂಗ ಪೂಜೆಗೆ ಕೂತಿದ್ದರು. ಎಲ್ಲರೂ ಎಡ ಅಂಗೈ ಹರವಿ, ಅದರ ಮೇಲೆ ಲಿಂಗವಿಟ್ಟು ದಿಟ್ಟಿಸುತ್ತಿದ್ದರು. ನೀಲಕಂಠಪ್ಪನ ಕೈ ಹರವಿಕೊಳ್ಳಲಿಲ್ಲ. ಬಾಗಿದ ಬೆರಳುಗಳು ಲಿಂಗವನ್ನು ಅರ್ಧ ಮುಚ್ಚಿ ಕೂತವು.

ಪೂಜೆ ಮುಗಿದ ಮೇಲೆ ಮೂರನೇ ಮಾಳಿಗೆಯ ಲಕ್ಷ್ಮವ್ವ ಕೇಳಿದಳು. ಎಪ್ಪತ್ತು ದಾಟಿದ ಮುದುಕಿ, ಮೊಣಕಾಲು ನೋವಿನಿಂದ ಕುರ್ಚಿಯ ಮೇಲೆ ಕೂತಿದ್ದಳು.

"ಯಾಕೋ ತಮ್ಮಾ, ಮುಷ್ಟಿ ಹಿಡದೀಯಲ್ಲ?"

"ನಾ ಎಲ್ಲಿ ಹಿಡದೀನಿ ಯಕ್ಕಾ? ಮೂವತ್ತು ವರ್ಷ ನಾ ಶಿವನ್ನ ಹಿಡದೆ. ಈಗ ಅವನ ಪಾಳಿ. ನನ್ನ ಕೈ ಅವನೇ ಹಿಡದಾನ."

ಇಲ್ಲಿ ಎಲ್ಲರೂ ನಗಬೇಕಿತ್ತು. ಯಾರೂ ನಗಲಿಲ್ಲ. ಲಕ್ಷ್ಮವ್ವ ಅವನ ಎಡಗೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಸರಿಯಾಗಿ ಗಂಟಿನ ಮೇಲೆಯೇ ಒತ್ತಿದಳು. ನೀಲಕಂಠಪ್ಪನ ಎರಡೂ ಕಣ್ಣಿನಿಂದ ಬಳಬಳ ನೀರು ಇಳಿಯಿತು.

"ನೋಡ್ರಿ, ನೋಡ್ರಿ, ಅಪ್ಪಾರ ಕಣ್ಣಾಗ ನೀರು!" ಎಂದಳು ಲಕ್ಷ್ಮವ್ವ. ಮಠದ ಅಪ್ಪಾರು ಯಾರು ಬಂದರೆಂದು ನೀಲಕಂಠಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.

ಮುಂದಿನ ಸೋಮವಾರ ಅವನಿಗೆ ಮುಂದಿನ ಸಾಲಿನಲ್ಲಿ ಚಾಪೆ ಹಾಸಿದ್ದರು. ಮೊದಲ ಚಹಾ ಅವನಿಗೇ ಬಂತು. ಐವತ್ತೊಂಬತ್ತು ವರ್ಷದಲ್ಲಿ ಯಾರೂ ಅವನಿಗೆ ಮೊದಲ ಚಹಾ ಕೊಟ್ಟಿರಲಿಲ್ಲ. ಬೇಡವೆನ್ನುವಷ್ಟು ದೊಡ್ಡ ಶರಣ ಅವನಾಗಿರಲಿಲ್ಲ, ಬಿಸ್ಕತ್ತನ್ನೂ ತಿಂದ. ಡಾಕ್ಟರ ಬಳಿ ಹೋಗದಿರಲು ಈಗ ಇನ್ನೊಂದು ಕಾರಣವೂ ಸಿಕ್ಕಿತು: ಶಿವ ಹಿಡಿದ ಕೈಯನ್ನು ಬಿಡಿಸಲು ಡಾಕ್ಟರ ಫೀ ಕೊಡುವುದೇ?

ಮೂರನೇ ವಾರ, ಮಂಗಳವಾರ, ಲಕ್ಷ್ಮವ್ವ ಗೋಡೆ ಹಿಡಿದುಕೊಂಡು ಅವನ ಮನೆಗೇ ಬಂದಳು. ಕೂತವಳೇ ಸೀರೆಯನ್ನು ಗೇಣಷ್ಟು ಮೇಲೆ ಸರಿಸಿ ಊದಿದ ಮೊಣಕಾಲು ತೋರಿಸಿದಳು.

"ಅಪ್ಪಾರ, ಇದರ ಮ್ಯಾಲ ಒಮ್ಮೆ ಆ ಕೈ ಇಡ್ರಿ. ಮಗ ಗುರುವಾರ ಆಪರೇಷನ್ ಇಟ್ಟಾನ. ಕ್ಯಾನ್ಸಲ್ ಮಾಡು ಅಂತ ಹೇಳಿಬಿಟ್ಟೀನಿ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ರಾಚವ್ವ ಬಾಗಿಲಿಗೆ ಬಂದು ಹಿಟ್ಟಿನ ಕೈಯಲ್ಲೇ ಸೊಂಟ ಹಿಡಿದು ನಿಂತಳು.

ನೀಲಕಂಠಪ್ಪ ಎಡಗೈಯನ್ನು ಬೆನ್ನ ಹಿಂದೆ ಸರಿಸಿದ. "ಯಕ್ಕಾ, ಇದು ರೋಗ. ಶಿವನೂ ಇಲ್ಲ, ಗಿವನೂ ಇಲ್ಲ. ನಾ ಅವತ್ತು ಚ್ಯಾಷ್ಟಿ ಮಾಡಿದ್ದೆ."

"ದೊಡ್ಡವರು ಹಿಂಗ ಅಂತಾರ್ರಿ," ಲಕ್ಷ್ಮವ್ವ ಕೈಮುಗಿದಳು. "ನಾ ಶರಣ ಅಲ್ಲ ಅನ್ನಾವನ ಖರೇ ಶರಣ."

ಹೌದೆಂದರೂ ಶರಣ, ಅಲ್ಲವೆಂದರೆ ಇನ್ನೂ ದೊಡ್ಡ ಶರಣ. ಆಪರೇಷನ್ ಆಗದಿದ್ದರೆ ಮುದುಕಿ ಮಾತ್ರ ಇನ್ನು ನಡೆಯುವಂತಿಲ್ಲ. ಉಳಿದಿದ್ದು ಒಂದೇ ದಾರಿ. ಅದರ ತುದಿಯಲ್ಲಿ ಸೂಜಿ ಇತ್ತು.

ರೋಗವೆಂದು ಡಾಕ್ಟರ ಬಾಯಿಂದಲೇ ಕೇಳಲಿ ಎಂದು ಮರುದಿನ ಬೆಳಿಗ್ಗೆ ರಿಕ್ಷಾದಲ್ಲಿ ಲಕ್ಷ್ಮವ್ವನನ್ನೂ ಕೂರಿಸಿಕೊಂಡು ಕೈಯ ಡಾಕ್ಟರ ಬಳಿ ಹೋದ. ಡಾಕ್ಟರ್ ಸ್ನೇಹಲ್ ಅವನ ಮಗಳ ವಯಸ್ಸಿನವಳು.

"ಕಾಕಾ, ಹಾಥ್ ಟೇಬಲ್ ಪೆ ಸೀಧಾ ರಖೋ."

ಇಟ್ಟ. ನೆಟ್ಟಗೆ ಮಲಗಬೇಕಾದ ಕೈ ಮೇಜಿನ ಮೇಲೆ ಕಮಾನು ಕಟ್ಟಿದ ಸೇತುವೆಯಂತೆ ನಿಂತಿತು. ಡಾಕ್ಟರ್ ಅದರ ಕೆಳಗೆ ಪೆನ್ನು ಉರುಳಿಸಿದಳು. ಈ ಕಡೆಯಿಂದ ಹೋಗಿ ಆ ಕಡೆ ಲಕ್ಷ್ಮವ್ವನ ಮಡಿಲಿಗೆ ಬಿತ್ತು.

"ಕಬ್ ಸೆ ಹೈ?"

"ಚಾರ್ ಸಾಲ್."

"ಚಾರ್ ಸಾಲ್! ತೋ ಅಬ್ ತಕ್ ಕ್ಯಾ ಕಿಯಾ?" ನಾಲ್ಕು ವರ್ಷ ಏನು ಮಾಡಿದಿರಿ ಎಂದು ಅವಳು ಹುಬ್ಬೇರಿಸಿದಳು.

"ಜೋಕ್ ಮಾರಾ," ಎಂದ ನೀಲಕಂಠಪ್ಪ.

ಅವಳು ಶುಗರ್ ಇದೆಯೇ ಎಂದು ಕೇಳಿದಳು. ಇದು ಡುಪ್ಯುಟ್ರೆನ್ ಅನ್ನುವ ಕಾಯಿಲೆ, ಅಂಗೈ ಚರ್ಮದ ಕೆಳಗಿನ ಪೊರೆ ದಪ್ಪಗಾಗಿ ಬೆರಳನ್ನು ಎಳೆಯುತ್ತದೆ ಎಂದಳು. ಹೇಳುತ್ತಲೇ ಹೆಬ್ಬೆರಳಿನಿಂದ ಗಂಟನ್ನು ಅದುಮಿದಳು.

"ಯಪ್ಪಾ! ಯವ್ವಾ! ಸತ್ತೆ!"

ಲಕ್ಷ್ಮವ್ವ ಕುರ್ಚಿಯಲ್ಲಿ ಮುಂದೆ ಬಾಗಿದಳು. ಅವನ ಮುಖ ನೋಡಿದಳು, ಕಣ್ಣಿನ ನೀರು ನೋಡಿದಳು. ಎರಡು ವಾರದ ಹಿಂದಿನ ನೀರನ್ನು ಇದರ ಪಕ್ಕ ಇಟ್ಟು ಹೋಲಿಸುವವಳ ಹಾಗೆ ಬಹಳ ಹೊತ್ತು ನೋಡಿದಳು.

"ಅಪ್ಪನ್ನ ಕರದಿ, ಅವ್ವನ್ನ ಕರದಿ," ಎಂದಳು ನಿಧಾನವಾಗಿ. "ಶಿವನ್ನ ಕರೀಲೇ ಇಲ್ಲಲ್ಲೋ."

"ನೋವಿನಾಗ ನೆನಪಾಗಲಿಲ್ಲ ಯಕ್ಕಾ."

"ಅವತ್ತು ಹಾಲ್‌ನಾಗೂ ಹಿಂಗ ನೋಯ್ತಿತ್ತೇನು? ನಾ ಒತ್ತಿದಾಗ?"

"ಇದಕ್ಕಿಂತ ಜಾಸ್ತಿ."

ಮುದುಕಿ ಮಡಿಲಲ್ಲಿದ್ದ ಪೆನ್ನನ್ನು ಡಾಕ್ಟರಿಗೆ ಕೊಟ್ಟಳು. ಆಪರೇಷನ್ ಮಾಡಬೇಕು, ಆಮೇಲೆ ಕೆಲವು ವಾರ ಕೈಗೆ ಪಟ್ಟಿ ಇರುತ್ತದೆ ಎಂದು ಡಾಕ್ಟರ್ ಹೇಳಿದಾಗ ನೀಲಕಂಠಪ್ಪ ಕೊನೆಯ ಬಾರಿ ತಪ್ಪಿಸಿಕೊಳ್ಳಲು ನೋಡಿದ. "ಹಂಗಾದ್ರ ಪೂಜಿ? ಎಡಗೈ ಇಲ್ಲದೆ ಲಿಂಗ ಎಲ್ಲಿಡೂದು?"

ಉತ್ತರ ಕೊಟ್ಟದ್ದು ಲಕ್ಷ್ಮವ್ವ. "ಕೊರಳಾಗ ಇರ್ತಾನ. ಬಲಗೈಲೆ ಎತ್ತಿ ಕಣ್ಣಿಗೆ ಒತ್ತಿಕೋ. ನೀ ಸೂಜಿಗಿ ಅಂಜಿದ್ರ ಅವನ ಹೆಸರ ಯಾಕ ಕೆಡಸ್ತಿ?"

ಹೊರಗೆ ಬೆಂಚಿನ ಮೇಲೆ ಕೂತು ಅವಳು ಮಗನಿಗೆ ಫೋನ್ ಮಾಡಿಸಿದಳು. "ಗುರುವಾರದ್ದು ಕ್ಯಾನ್ಸಲ್ ಮಾಡಬ್ಯಾಡೋ. ಮಾಡಿಬಿಟ್ಟಿದ್ರ ಮತ್ತ ಡಾಕ್ಟರಿಗಿ ಕೇಳಿ ಇಟಗೋ." ಫೋನ್ ಇಟ್ಟು ಏಳಲು ನೋಡಿದಳು; ಮೊಣಕಾಲು ಕೇಳಲಿಲ್ಲ. ನೀಲಕಂಠಪ್ಪ ಅವಸರದಿಂದ ಹತ್ತಿರವಿದ್ದ ಎಡಗೈ ಚಾಚಿದ.

"ಅದು ಬ್ಯಾಡ ತಮ್ಮಾ," ಎಂದಳು ಲಕ್ಷ್ಮವ್ವ. "ಅದು ಕೆಟ್ಟೈತಿ. ಈ ಕಡೆ ಬಾ, ಬಲಗೈ ಕೊಡು."