ಎಡಗಡೆಯ ಪುಲ್ಲಿ

ತಂಗಿಯ ಗಂಡನ ಕೈ ಕುಲುಕಿದ ಮೇಲೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದು ಸ್ಪ್ಯಾನರಕ್ಕನಿಗೆ ಹನ್ನೊಂದು ವರ್ಷದ ಅಭ್ಯಾಸ. ಆ ಕೈ ಯಾವಾಗ ಮುಟ್ಟಿದರೂ ಒದ್ದೆ. ಅವನು ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸದವನು. ಮನೆಯಲ್ಲೂ ಅದೇ ದನಿ: ಮೆತ್ತಗೆ, ಬೆಚ್ಚಗೆ, ಒತ್ತಿದರೆ ಒಳಗೆ ಇಳಿಯುವ ಹಾಗೆ. ತನ್ನ ಜೋಕಿಗೆ ತಾನೇ ಮೊದಲು ನಗುತ್ತಿದ್ದ. ಉಣ್ಣುವಾಗ ಮೂಗಿನಲ್ಲಿ ಸೊಂಯ್ ಎಂದು ಉಸಿರೆಳೆಯುತ್ತಿದ್ದ. ತಂಗಿ ಇಂಥವನಲ್ಲಿ ಏನು ಕಂಡಳೋ ಎಂದು ಮೊದಮೊದಲು ಯೋಚಿಸಿದ್ದ ಸ್ಪ್ಯಾನರಕ್ಕ, ಆಮೇಲೆ ಆ ಯೋಚನೆಯನ್ನೇ ಬಿಟ್ಟಿದ್ದಳು.

ಅವಳಿಗೆ ಆ ಹೆಸರಿಟ್ಟವರು ಗಿರಾಕಿಗಳು. ಪಂಪು, ಜನರೇಟರು, ಹುಲ್ಲು ಕತ್ತರಿಸುವ ಮೋವರು, ಏನು ತಂದರೂ ಬಿಚ್ಚಿ, ಸರಿ ಮಾಡಿ, ತಂದವರನ್ನು ನಾಲ್ಕು ಮಾತು ಬೈದು ಕಳಿಸುತ್ತಿದ್ದಳು. ಬೈಗುಳ ಪುಕ್ಕಟೆ, ರಿಪೇರಿಗೆ ಮಾತ್ರ ಚಾರ್ಜು ಎಂದು ಜನ ತಮಾಷೆ ಮಾಡುತ್ತಿದ್ದರು.

ಆ ಸಲ ಫೋನು ಮಾಡಿದ್ದು ತಂಗಿ.

"ಅಕ್ಕಾ, ಮೋವರ್ ಬೆಲ್ಟ್ ಕಿರ್ರ್ ಅಂತ ಕಿರುಚ್ತಿದೆ. ಸುಟ್ಟ ರಬ್ಬರ್ ವಾಸನೆ ಬೇರೆ. ಬ್ಲೇಡ್ ಹಾಕಿದ ತಕ್ಷಣ ಕಳಚ್ಕೊಂಡು ಬೀಳತ್ತೆ. ಶನಿವಾರ ಬಂದು ನೋಡ್ತೀಯಾ?"

ತಂಗಿಯ ಮನೆಯ ಹಿಂದೆ ದೊಡ್ಡ ಹುಲ್ಲುಹಾಸು. ಆ ಬೀದಿಯಲ್ಲೇ ಅಷ್ಟು ಒಪ್ಪವಾದದ್ದು ಇನ್ನೊಂದಿರಲಿಲ್ಲ. ತಂಗಿಗೆ ಅದು ತನ್ನ ಮುಖ ಇದ್ದ ಹಾಗೆ. ಅದಕ್ಕೆಂದೇ ಕೂತು ಓಡಿಸುವ ಮೋವರು ಕೊಂಡಿದ್ದರು. ಸಣ್ಣ ಟ್ರ್ಯಾಕ್ಟರಿನ ಹಾಗೆ ಸೀಟು, ಸ್ಟೀರಿಂಗು. ಹೊಟ್ಟೆಯ ಕೆಳಗೆ ಬೋರಲು ಹಾಕಿದ ಬಾಣಲೆಯಂಥ ಉಕ್ಕಿನ ಮುಚ್ಚಳ, ಅದರೊಳಗೆ ಎರಡು ಬ್ಲೇಡು. ಮುಚ್ಚಳದ ಮೇಲೆ ಎಡಕ್ಕೊಂದು ಬಲಕ್ಕೊಂದು ಪುಲ್ಲಿ. ಎಂಜಿನ್ನಿನಿಂದ ಬಂದ ಒಂದೇ ಉದ್ದನೆಯ ಬೆಲ್ಟು ಎರಡನ್ನೂ ಸುತ್ತಿ ಬ್ಲೇಡು ತಿರುಗಿಸುತ್ತದೆ.

ಶನಿವಾರ ಬೆಳಿಗ್ಗೆ ಹೋಗಿ ಬೆಲ್ಟು ಮುಟ್ಟಿದವಳೇ ಬೆರಳು ಮೂಸಿ ಮುಖ ಸಿಂಡರಿಸಿದಳು.

"ಇದಕ್ಕೆ ಏನು ಹಚ್ಚಿದೀರಿ?"

"ಅಡುಗೆ ಎಣ್ಣೆ, ಅತ್ತಿಗೆ," ಎಂದ ತಂಗಿಯ ಗಂಡ. "ಕಿರುಚ್ತಿತ್ತಲ್ಲ, ಗಂಟಲು ನುಣುಪಾಗ್ಲಿ ಅಂತ." ಹೇಳಿ ತಾನೇ ನಕ್ಕ.

"ಬೆಲ್ಟಿಗೆ ಎಣ್ಣೆ ಹಚ್ಚೋದೂ ಒಂದೇ, ಹಗ್ಗಜಗ್ಗಾಟಕ್ಕೆ ಕೈಗೆ ಸೋಪು ಹಚ್ಕೊಂಡು ಹೋಗೋದೂ ಒಂದೇ. ಅದು ಹಿಡಿತದ ಮೇಲೆ ನಡೆಯೋ ವಸ್ತು. ಜಾರ್ತಿದ್ರೆ ಬಿಸಿಯಾಗಿ ಕಿರುಚತ್ತೆ. ನೀವು ಇನ್ನಷ್ಟು ಜಾರಿಸಿದೀರಿ."

ಜಿಡ್ಡಿಗೆ ಹುಲ್ಲಿನ ಪುಡಿ ಮೆತ್ತಿಕೊಂಡು ಪುಲ್ಲಿಗಳ ತೋಡೆಲ್ಲ ಹಸಿರು ಅಂಟಾಗಿತ್ತು. ಅವಳು ಅದನ್ನು ಒರೆಸಿ ತೊಳೆದಳು. ಅಳತೆ ನೋಡಿ ಹೊಸ ಬೆಲ್ಟು ಹಾಕಿದಳು. ಬೆಲ್ಟನ್ನು ಬಿಗಿ ಹಿಡಿಯುವ ಸ್ಪ್ರಿಂಗು ಎಳೆದು ನೋಡಿದಳು, ಗಟ್ಟಿಯಾಗಿತ್ತು. ಇನ್ಯಾರದೇ ಮೋವರಾಗಿದ್ದರೆ ಮುಚ್ಚಳ ಕಳಚಿ, ಬುಡಮೇಲು ಮಾಡಿ, ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ನೋಡದೆ ಬಿಡುತ್ತಿರಲಿಲ್ಲ. ಅವತ್ತು ಅವನು ಅವಳ ಕುತ್ತಿಗೆಯ ಹಿಂದೆಯೇ ಕುಕ್ಕರಗಾಲಲ್ಲಿ ಕೂತು ಬಿಸಿಯುಸಿರು ಬಿಡುತ್ತಿದ್ದ. ಮೋವರು ನಿಲ್ಲಿಸುವ ಆ ಶೆಡ್ಡಿನಲ್ಲಿ ಏನೋ ಕೊಳೆತ ವಾಸನೆ. ಕೇಳಿದ್ದಕ್ಕೆ "ಚರಂಡಿ ಇರ್ಬೇಕು," ಎಂದ. ಎರಡು ನಿಮಿಷ ಓಡಿಸಿ ನೋಡಿ, ಸಾಕಪ್ಪಾ ಸಾಕು ಎಂದು ಅವಳು ಸಾಮಾನು ಚೀಲಕ್ಕೆ ತುಂಬಿದಳು.

ಹೊರಗೆ ಪಕ್ಕದ ಮನೆಯ ಯಜಮಾನ ಬೇಲಿಯ ಬುಡದಲ್ಲಿ ಕೋಲಿನಿಂದ ಎಲೆ ಸರಿಸುತ್ತ ನಿಂತಿದ್ದ. ನಿವೃತ್ತ ರೈಲು ಡ್ರೈವರು, ಒಂಟಿ ಮನುಷ್ಯ. ಮೂವತ್ತೊಂದು ವರ್ಷದಿಂದ ಅವನ ಹತ್ತಿರ ಒಂದು ಆಮೆ ಇತ್ತು. ಅದಕ್ಕೆ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟು, ಹುಲ್ಲಿನಲ್ಲಿ ಕಾಣಲಿ ಎಂದು ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಏಳು ಎಂಬ ಅಂಕಿ ಬರೆದಿದ್ದ. ಅದು ಕಾಣೆಯಾಗಿ ಐದು ದಿನವಾಗಿತ್ತು. ತಂಗಿಯ ಗಂಡ ತಕ್ಷಣ ಬೇಲಿ ದಾಟಿ ಹೋಗಿ, ಮಂಡಿಯೂರಿ, ಅವನ ಜೊತೆ ಪೊದೆಗಳಲ್ಲಿ ಕೈಯಾಡಿಸತೊಡಗಿದ.

"ದಿನಾ ಇದೇ ಆಗೋಯ್ತು," ಎಂದಳು ತಂಗಿ. "ಅದನ್ನ ಅವರ ಮನೆ ಕೆಲಸದವಳು ಮಾರ್ಕೊಂಡಿರ್ತಾಳೆ. ನಾನೇ ಹೇಳ್ದೆ, ಅವಳ ಚೀಲ ಸ್ವಲ್ಪ ನೋಡಿ ಅಂತ. ನಿನ್ನೆ ಕೆಲಸದಿಂದ ಬಿಡಿಸಿದ್ರಂತೆ."

ಸ್ಪ್ಯಾನರಕ್ಕ ತಲೆಯಾಡಿಸಿ ಹೊರಟಳು. ಅವಳಿಗೆ ಕೈ ತೊಳೆದುಕೊಂಡರೆ ಸಾಕಾಗಿತ್ತು.

ಎಂಟು ದಿನ ಕಳೆಯುವುದರೊಳಗೆ ಮತ್ತೆ ಫೋನು ಬಂತು. ಹೊಸ ಬೆಲ್ಟೂ ಕಳಚಿ ಬಿದ್ದಿತ್ತು.

ಈ ಸಲ ಅವಳಿಗೆ ಸಿಟ್ಟು ಬಂದದ್ದು ತನ್ನ ಮೇಲೆಯೇ. ಬೆಲ್ಟು ಬದಲಾಯಿಸುವುದು ಯಾರಿಗೆ ಬೇಕಾದರೂ ಬರುತ್ತದೆ. ಯಾಕೆ ಕಳಚುತ್ತದೆ ಎಂದು ಹುಡುಕುವುದಕ್ಕೇ ಅಲ್ಲವೆ ತನ್ನನ್ನು ಕರೆಯುವುದು? ಹೋದವಳೇ ತಂಗಿಯ ಗಂಡನಿಗೆ "ದೂರ ನಿಂತ್ಕೊಳ್ಳಿ" ಎಂದು ಹೇಳಿ, ಪುಲ್ಲಿಗಳ ಮೇಲಿನ ಪ್ಲಾಸ್ಟಿಕ್ ಕವರು ಬಿಚ್ಚಿ, ಬೆಲ್ಟನ್ನು ಬೆಳಕಿಗೆ ಹಿಡಿದಳು. ಒಂದು ಅಂಚು ಮಾತ್ರ ಸವೆದು ಗಾಜಿನ ಹಾಗೆ ಹೊಳೆಯುತ್ತಿತ್ತು, ಇನ್ನೊಂದು ಹೊಚ್ಚ ಹೊಸದು. ಅಂದರೆ ಬೆಲ್ಟು ಎಲ್ಲೋ ಓರೆಯಾಗಿ ಓಡುತ್ತಿದೆ. ಬಲಗಡೆಯ ಪುಲ್ಲಿಯನ್ನು ತಿರುಗಿಸಿದಳು. ಸದ್ದಿಲ್ಲದೆ ನೆಟ್ಟಗೆ ತಿರುಗಿತು. ಎಡಗಡೆಯದನ್ನು ತಿರುಗಿಸಿದಳು, ಕುಡಿದವನ ತಲೆಯ ಹಾಗೆ ಅತ್ತಿತ್ತ ಓಲಾಡಿತು.

"ಪುಲ್ಲಿ ಕೂತಿರೋ ಶಾಫ್ಟ್ ಬಗ್ಗಿದೆ," ಎಂದಳು. "ಯಾವುದಕ್ಕೆ ಹೊಡೆಸಿದ್ರಿ?"

"ಯಾವುದಕ್ಕೂ ಇಲ್ಲ, ಅತ್ತಿಗೆ." ಈಗ ಅವನ ದನಿಯಲ್ಲಿ ಹಾಸಿಗೆಯ ಮೆದುತನವಿರಲಿಲ್ಲ.

ನಾಲ್ಕು ಪಿನ್ನು ಕಿತ್ತು, ಮುಚ್ಚಳವನ್ನು ಪಕ್ಕಕ್ಕೆ ಜಾರಿಸಿ ಹೊರಗೆಳೆದು, ಗೋಡೆಗೆ ಒರಗಿಸಿ ಎತ್ತಿ ನಿಲ್ಲಿಸಿದಳು. ವಾಸನೆ ಮುಖಕ್ಕೆ ಹೊಡೆದಂತಾಗಿ ಎರಡು ಹೆಜ್ಜೆ ಹಿಂದೆ ಸರಿದಳು. ಕೊಳೆತ ಹುಲ್ಲು ಎರಡು ಬೆರಳು ದಪ್ಪಕ್ಕೆ ಕಪ್ಪು ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಎಡ ಮೂಲೆಯಲ್ಲಿ ಆ ಹಿಟ್ಟು ಅಲುಗಾಡುತ್ತಿತ್ತು. ಹುಳುಗಳು. ಬಟ್ಟೆಯಿಂದ ಮೂಗು ಕಟ್ಟಿಕೊಂಡು ಕರಣೆಯಿಂದ ಕೆರೆದಳು. ಬಿಳಿ ಹುಳುಗಳ ಜೊತೆ ಒಣಗಿದ ತೊಗಲಿನ ಚೂರು, ಉಗುರಿದ್ದ ಒಂದು ಪುಟ್ಟ ಕಾಲು, ಆಮೇಲೆ ಠಣ್ ಎಂದು ಕೆಳಗೆ ಬಿದ್ದ ಅಂಗೈಯಗಲದ ಚಿಪ್ಪಿನ ತುಂಡು. ಚಿಪ್ಪಿನ ಮೇಲೆ ಬಿಳಿ ಬಣ್ಣದ ಗೆರೆ.

ಸ್ಪ್ಯಾನರಕ್ಕ ಹೇಸಿ ಕರಣೆ ಕೆಳಗೆ ಹಾಕಿದಳು. ಆದರೆ ಹುಳುಗಳಿಗಲ್ಲ. ಮಂಡಿಯೂರಿ, ಪೊದೆಯಲ್ಲಿ ಕೈಯಾಡಿಸಿ, ಆ ಮುದುಕನ ಜೊತೆ "ಎಕ್ಸ್‌ಪ್ರೆಸ್, ಎಕ್ಸ್‌ಪ್ರೆಸ್" ಎಂದು ಕರೆಯುತ್ತಿದ್ದ ಈ ಮನುಷ್ಯ ಕಣ್ಣ ಮುಂದೆ ಬಂದ.

"ಥೂ," ಎಂದಳು. "ಕೊಂದು, ಆಮೇಲೆ ಜೊತೆಗೆ ನಿಂತು ಹುಡುಕ್ತಿದ್ರಲ್ರೀ! ಹನ್ನೊಂದು ವರ್ಷದಿಂದ ನಿಮ್ಮನ್ನ ಕಂಡ್ರೆ ನನಗೆ ಮೈ ಮುದುಡತ್ತೆ. ಯಾಕೆ ಅಂತ ಇವತ್ತು ಗೊತ್ತಾಯ್ತು."

ಅವನು ಶೆಡ್ಡಿನ ಹಿಂದಕ್ಕೆ ಓಡಿ ವಾಂತಿ ಮಾಡಿಕೊಂಡ. ವಾಪಸು ಬಂದಾಗ ಗಲ್ಲದ ಮೇಲೆ ಎಂಜಲು ಅಂಟಿತ್ತು. ಬಾಯಿ ತೆರೆದ, ಮನೆಯ ಕಡೆ ನೋಡಿದ, ಮುಚ್ಚಿಕೊಂಡ.

ತಂಗಿ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಅವರಿಗೆ ಯಾಕೆ ಉಗೀತೀಯ?" ಎಂದಳು. "ಓಡಿಸ್ತಿದ್ದೋಳು ನಾನು."

"ನೀನಾ?"

"ಫೋನಲ್ಲಿದ್ದೆ. ಕಲ್ಲಿನ ಅಂಚಿನ ಹತ್ರ ಬಂದಿತ್ತು ಆ ಶನಿ, ಕಾಣ್ಲಿಲ್ಲ. ಧಡ್ ಅಂತು, ಅಷ್ಟೇ. ಹೊರಗೆ ಬಿದ್ದಿದ್ದನ್ನ ಇವರ ಕೈಲಿ ಕಸದ ಚೀಲಕ್ಕೆ ತುಂಬಿಸ್ದೆ. ಒಳಗೆ ಇಷ್ಟಿತ್ತು ಅಂತ ಗೊತ್ತಿರ್ಲಿಲ್ಲ." ಮೂಗು ಮುಚ್ಚಿಕೊಂಡಳು. "ಛೀ, ಬೇಗ ತೊಳಿ ಅಕ್ಕ. ಬೀದಿಗೆಲ್ಲ ನಾರತ್ತೆ."

"ಪಕ್ಕದ ಮನೆಯವರಿಗೆ ಹೇಳ್ಬೇಕಿತ್ತಲ್ವಾ?"

"ನಾನು ಹೇಳೋಣ ಅಂದೆ, ಅತ್ತಿಗೆ," ಎಂದ ತಂಗಿಯ ಗಂಡ. "ದಿನಾ ಹೇಳಿದೆ."

"ಹೇಳಿ? ಸಾಯೋ ತನಕ ಬೇಲಿ ಆಚೆಯಿಂದ ಗುರಾಯಿಸ್ತಾ ಕೂರ್ತಾರೆ. ಒಂದು ಆಮೆ ತಾನೆ. ಮನುಷ್ಯರೇನಲ್ಲ."

"ಕೆಲಸದವಳು ಮನುಷ್ಯಳಲ್ವೇನೇ?"

"ಅವಳಿಗೇನು, ಬೇರೆ ಕಡೆ ಸಿಗತ್ತೆ," ಎಂದಳು ತಂಗಿ.

ಆ ಮುಖವನ್ನು ಸ್ಪ್ಯಾನರಕ್ಕ ಹುಟ್ಟಿದಾಗಿನಿಂದ ಬಲ್ಲಳು. ಜಡೆ ಹೆಣೆದಿದ್ದಳು, ಗೊಣ್ಣೆ ಒರೆಸಿದ್ದಳು, ಶಾಲೆಯಲ್ಲಿ ಅವಳ ಪರವಾಗಿ ಹೊಡೆದಾಡಿದ್ದಳು. ಈಗ ಅದೇ ಮುಖ, ಹಣೆಯ ಮೇಲೆ ಬೆವರಿನ ಒಂದು ಹನಿಯೂ ಇಲ್ಲದೆ, ಮೋವರು ಯಾವಾಗ ಸರಿಯಾಗುತ್ತದೆ ಎಂದು ಕೇಳುತ್ತಿತ್ತು. ಇಷ್ಟು ವರ್ಷ ಒಬ್ಬ ಗಂಡಸಿನ ಬೆವರಿಗೆ, ಉಸಿರಿನ ಸದ್ದಿಗೆ ಹೇಸಿಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ತನ್ನ ಒಡಹುಟ್ಟಿದವಳನ್ನು ಮುಟ್ಟಬೇಕಾಗಿ ಬಂದರೆ ಕೈ ಹಿಂದೆ ಸರಿಯುತ್ತದೆ ಎನ್ನಿಸಿತು. ಅದು ಅವಳನ್ನು ಹೆದರಿಸಿತು.

ಅವಳು ಚಿಪ್ಪನ್ನು ನಲ್ಲಿಯಡಿ ತೊಳೆದು ಶುಭ್ರ ಬಟ್ಟೆಯಲ್ಲಿ ಸುತ್ತಿಕೊಂಡಳು.

"ಅಕ್ಕಾ, ಹೋಗ್ಬೇಡ," ಎಂದಳು ತಂಗಿ. "ನನ್ನ ಮಾನ ಕಳೀತೀಯ."

"ನೀನೇ ಬಾ. ನೀನೇ ಹೇಳು."

ತಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ಪ್ಯಾನರಕ್ಕನ ಹಿಂದೆ ಬೇಲಿ ದಾಟಿದವನು ತಂಗಿಯ ಗಂಡ.

ರೈಲು ಡ್ರೈವರು ಅವರನ್ನು ಒಳಗೆ ಕೂರಿಸಿದ. ಮೇಜಿನ ಮೇಲೆ ಹಳೆಯ ಗಡಿಯಾರ, ಒಂದು ತಟ್ಟೆಯಲ್ಲಿ ಹೆಚ್ಚಿಟ್ಟ ಸೌತೆಕಾಯಿ. ಆಮೆ ಬಂದರೆ ಇರಲಿ ಎಂದು ದಿನವೂ ಹೆಚ್ಚುತ್ತಿದ್ದನಂತೆ. ಮಾತಾಡಿದ್ದು ತಂಗಿಯ ಗಂಡ. ಯಾರು ಓಡಿಸುತ್ತಿದ್ದರು, ಯಾರು ಮುಚ್ಚಿಟ್ಟರು, ಕೆಲಸದವಳ ಮೇಲೆ ಯಾರು ಹಾಕಿದರು, ಒಂದನ್ನೂ ಬಿಡದೆ ಹೇಳಿದ. ನಡುವೆ ಎರಡು ಸಲ ಕೈ ಒರೆಸಿಕೊಂಡ.

ಮುದುಕ ಬಟ್ಟೆ ಬಿಚ್ಚಿ ಚಿಪ್ಪಿನ ಬಿಳಿ ಗೆರೆಯನ್ನು ಹೆಬ್ಬೆರಳಿನಿಂದ ಸವರಿದ.

"ನೋವಾಯ್ತಾ ಅದಕ್ಕೆ?"

"ಬ್ಲೇಡು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗತ್ತೆ," ಎಂದಳು ಸ್ಪ್ಯಾನರಕ್ಕ. "ಗೊತ್ತಾಗೋಕೂ ಸಮಯ ಸಿಕ್ಕಿರಲ್ಲ."

ಅವನು ಚಿಪ್ಪನ್ನು ಸೌತೆಕಾಯಿಯ ತಟ್ಟೆಯ ಪಕ್ಕ ಇಟ್ಟ. ಬಯ್ಯುತ್ತಾನೆ ಎಂದುಕೊಂಡಿದ್ದರು ಇಬ್ಬರೂ.

"ಆ ಹೆಂಗಸನ್ನ ನಾನು ಇಲ್ಲೇ, ಈ ಬಾಗಿಲಲ್ಲೇ ನಿಲ್ಲಿಸಿ ಚೀಲ ಸುರಿಸ್ದೆ," ಎಂದ. "ಒಂದು ಬಾಚಣಿಗೆ ಬಿತ್ತು. ಒಂದು ಮಾತ್ರೆ ಚೀಟಿ. ಏನೂ ಸಿಗ್ಲಿಲ್ಲ, ಆದ್ರೂ ಕಳಿಸ್ದೆ. ಏಳು ವರ್ಷ ಕೆಲಸ ಮಾಡಿದ್ಳು. ಥೂ ನನ್ನ ಜನ್ಮಕ್ಕೆ."

ಅದೇ ಮಧ್ಯಾಹ್ನ ಮೂವರೂ ಸ್ಪ್ಯಾನರಕ್ಕನ ವ್ಯಾನಿನಲ್ಲಿ ಆ ಹೆಂಗಸಿನ ಮನೆಗೆ ಹೋದರು. ಕೆಲಸದ ಹೆಂಗಸು ಮೂರನೆಯ ಮಹಡಿಯ ಒಂದೇ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮುದುಕ ಹೊಸ್ತಿಲಾಚೆಯೇ ನಿಂತು ತಪ್ಪಾಯಿತು ಎಂದ. ಅವಳು ಇಸ್ತ್ರಿ ನಿಲ್ಲಿಸಲಿಲ್ಲ.

"ವಾಪಸ್ ಬಾಮ್ಮ," ಎಂದ.

"ಬರಲ್ಲ," ಎಂದಳು. "ನೀವು ಇಲ್ಲಿ ಬಂದು ಹೇಳಿದ್ರೆ ಏನು ಬಂತು? ಕಳ್ಳಿ ಅಂತ ಅಂದಿದ್ದು ಆ ಬೀದೀಲಿ. ಎರಡು ಮನೆಯವ್ರು ಆಗ್ಲೇ ಬಿಡಿಸಿದಾರೆ. ಅಲ್ಲಿ ಹೇಳಿ, ಹೋಗಿ."

ಹಾಗಾಗಿ ಆ ಭಾನುವಾರ ತಂಗಿಯ ಗಂಡ ಬೀದಿಯ ಹದಿನಾಲ್ಕು ಮನೆಗಳ ಗಂಟೆ ಒತ್ತಿದ. ಪ್ರತಿ ಬಾಗಿಲಲ್ಲೂ ಹಾಸಿಗೆ ಮಾರುವ ಅದೇ ದನಿಯಲ್ಲಿ, ಆಮೆಯನ್ನು ಕೊಂದದ್ದು ತಮ್ಮ ಮನೆಯ ಮೋವರು, ಆ ಹೆಂಗಸು ಏನನ್ನೂ ಕದ್ದಿಲ್ಲ ಎಂದ. ಕೆಲವರು ಬಾಗಿಲು ಅರ್ಧ ತೆರೆದು ಕೇಳಿದರು, ಒಬ್ಬಾಕೆ ನಕ್ಕಳು. ಬಿಡಿಸಿದ್ದ ಎರಡು ಮನೆಗಳಲ್ಲಿ ಒಂದು ಅವಳನ್ನು ಮತ್ತೆ ಕರೆಯಿತು. ರೈಲು ಡ್ರೈವರನ ಮನೆಗೆ ಮಾತ್ರ ಅವಳು ಕೊನೆಗೂ ಕಾಲಿಡಲಿಲ್ಲ.

ಶಾಫ್ಟು ಬರಲು ಹನ್ನೆರಡು ದಿನ ಹಿಡಿಯಿತು. ಸ್ಪ್ಯಾನರಕ್ಕ ಬಂದು ಹೊಸ ಶಾಫ್ಟು, ಹೊಸ ಬ್ಲೇಡು ಹಾಕಿದಳು. ಈ ಸಲ ಪ್ರತಿ ಪುಲ್ಲಿಯನ್ನೂ ತಿರುಗಿಸಿ, ಮುಚ್ಚಳವನ್ನು ಎರಡು ಸಲ ತೊಳೆದು, ಅರ್ಧ ಗಂಟೆ ಓಡಿಸಿ ನೋಡಿದಳು. ಬೆಲ್ಟು ಅಲುಗಲಿಲ್ಲ. ಕೆಲಸ ಮುಗಿಯುವ ತನಕ ತಂಗಿ ಹೊರಗೆ ಬರಲಿಲ್ಲ. ಅಕ್ಕನ ಜೊತೆಯೂ ಗಂಡನ ಜೊತೆಯೂ ಅವಳ ಮಾತು ನಿಂತುಹೋಗಿತ್ತು. ಕಿಟಕಿಯ ಪರದೆ ಮಾತ್ರ ಒಮ್ಮೆ ಸರಿದು ಮುಚ್ಚಿಕೊಂಡಿತು. ಸ್ಪ್ಯಾನರಕ್ಕ ಅತ್ತ ಕೈಬೀಸಬೇಕೆಂದುಕೊಂಡಳು, ಕೈ ಏಳಲಿಲ್ಲ.

"ಒಳಗೆ ಬಂದು ಒಂದು ಲೋಟ ನೀರಾದ್ರೂ ಕುಡೀರಿ, ಅತ್ತಿಗೆ," ಎಂದ ತಂಗಿಯ ಗಂಡ, ಮೂಗಿನಲ್ಲಿ ಸೊಂಯ್ ಎನ್ನುತ್ತ.

ಆ ಸದ್ದಿಗೆ ಅವಳ ಮೈ ಇವತ್ತೂ ಜುಮ್ಮೆಂದಿತು. "ಆ ಮನೆಯೊಳಗೆ ಬೇಡ," ಎಂದಳು. "ನೀರು ಇಲ್ಲಿಗೇ ತನ್ನಿ. ಇಬ್ರೂ ಇಲ್ಲೇ ಕುಡಿಯೋಣ."